ಹೋಗಬಹುದು, ನಿಲ್ಲುವಂತಿಲ್ಲ: ಕೋವಿಡ್ ವರ್ಷದಲ್ಲಿ ಮೆಡಿಟರೇನಿಯನ್ ದಾಟಬೇಕಿದ್ದ ಹಾಯಿದೋಣಿಗಳು

2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಹೊಸ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿದವು. ಜುಲೈನಲ್ಲಿ ಅಮೆರಿಕ, ಅದೇ ಸಂಸ್ಥೆಯ 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ತಿದ್ದುಪಡಿ ನಮಗೆ ಬೇಡ ಅಂದಿತು. ಸೆಪ್ಟೆಂಬರ್ 19ರಂದು ಅದೇ ತಿದ್ದುಪಡಿಗಳು ಉಳಿದ ಬಹುಪಾಲು ದೇಶಗಳಲ್ಲಿ ಜಾರಿಗೆ ಬಂದವು. ಯಾವುದು ಒಪ್ಪಂದ, ಯಾವುದು ತಿದ್ದುಪಡಿ ಅಂತಲೇ ಗೊತ್ತಾಗದೆ ಜನ ಗೊಂದಲದಲ್ಲಿದ್ದಾರೆ. ಇನ್ನು ಮುಂದೆ ಜಿನೀವಾದಲ್ಲಿ, ಆ ಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಕೂತವರು ನಮ್ಮ ಬಂದರು, ವಿಮಾನ ನಿಲ್ದಾಣಗಳನ್ನು ಮುಚ್ಚಿಸಬಹುದು ಅನ್ನುವ ಮಾತೂ ಓಡಾಡುತ್ತಿದೆ.

ಆದರೆ 2020ರಲ್ಲಿ ಆಗಿದ್ದು ಹೆಚ್ಚುಕಡಿಮೆ ಇದರ ಉಲ್ಟಾ. ಬಂದರು ಮುಚ್ಚಬೇಡಿ ಅಂತಲೇ ನಿಯಮ ಹೇಳುತ್ತಿತ್ತು. ದೇಶಗಳು ಮುಚ್ಚಿದವು. ಜಿನೀವಾದವರಿಗೆ ತಡೆಯುವ ಅಧಿಕಾರ ಇರಲಿಲ್ಲ. ಇದರ ಬಿಸಿ ದೊಡ್ಡ ಹಡಗುಗಳಿಗೂ ತಟ್ಟಿತು ನಿಜ, ಆದರೆ ನಿಯಮದಲ್ಲಿ ತೂತು ಎಲ್ಲಿದೆ ಅಂತ ನೋಡಬೇಕಾದರೆ ತುಂಬ ಚಿಕ್ಕ ಕಸುಬೊಂದನ್ನು ನೋಡಬೇಕು: ಬೇರೆಯವರ ಹಾಯಿದೋಣಿಯನ್ನು ಮೆಡಿಟರೇನಿಯನ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿಕೊಂಡು ಹೋಗಿ ಒಪ್ಪಿಸುವ ಕೆಲಸ.

ದೋಣಿ ತಲುಪಿಸುವುದೂ ಒಂದು ಕಸುಬು

ಯುರೋಪಿನ ಹಾಯಿದೋಣಿಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಫ್ರಾನ್ಸಿನ ಅಟ್ಲಾಂಟಿಕ್ ತೀರದ ಕಡೆ. ಕೊಳ್ಳುವವರು ಮಾತ್ರ ಗ್ರೀಸ್, ಕ್ರೊಯೇಷಿಯಾ, ಟರ್ಕಿಯಲ್ಲೂ ಇರುತ್ತಾರೆ. ಪ್ರವಾಸಿಗರಿಗೆ ವಾರದ ಬಾಡಿಗೆಗೆ ದೋಣಿ ಕೊಡುವ ಕಂಪನಿಗಳಿಗೆ ಏಪ್ರಿಲ್, ಮೇ ಹೊತ್ತಿಗೆ ದೋಣಿ ಕೈಗೆ ಬರಲೇಬೇಕು. ಚಿಕ್ಕದಾದರೆ ಲಾರಿ ಮೇಲೆ ಹಾಕಬಹುದು. ಅಗಲದ ಜೋಡಿ ಒಡಲಿನ ಕ್ಯಾಟಮರಾನ್ ಆದರೆ ರಸ್ತೆ ಸಾಲುವುದಿಲ್ಲ. ಸರಕು ಹಡಗಿನ ಮೇಲೆ ಹೇರಿ ಕಳಿಸುವುದು ದುಬಾರಿ. ಹಾಗಾಗಿ ಒಬ್ಬ ಸ್ಕಿಪ್ಪರ್ (ದೋಣಿಯ ನಾಯಕ), ಜೊತೆಗೆ ಇಬ್ಬರೋ ಮೂವರೋ ಸಿಬ್ಬಂದಿ ವಿಮಾನ ಹತ್ತಿ ಬಂದು, ದೋಣಿ ಓಡಿಸಿಕೊಂಡು ಹೋಗಿ, ಕೀಲಿ ಒಪ್ಪಿಸಿ, ಮತ್ತೆ ವಿಮಾನದಲ್ಲಿ ಮನೆಗೆ ಹೋಗುತ್ತಾರೆ. ಹೊಸ ದೋಣಿ ಅಂತಲ್ಲ, ಕೈ ಬದಲಾದ ಹಳೆಯ ದೋಣಿಗಳದ್ದೂ ಇದೇ ಕಥೆ.

ದಾರಿ ಉದ್ದ. ಮೆಡಿಟರೇನಿಯನ್‌ನ ಪಶ್ಚಿಮ ಬಾಗಿಲಾದ ಜಿಬ್ರಾಲ್ಟರ್‌ನಿಂದ ಮಾಲ್ಟಾಕ್ಕೆ ಸುಮಾರು 1,000 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.). ಅಲ್ಲಿಂದ ಗ್ರೀಸ್ ದಾಟಿ ಟರ್ಕಿಗೆ ಹೋಗಬೇಕಾದರೆ ಇನ್ನೂ ಅಷ್ಟರ ಮುಕ್ಕಾಲು ಭಾಗ ಇಟ್ಟುಕೊಳ್ಳಿ. 12 ಮೀಟರ್ ದೋಣಿ ಗಂಟೆಗೆ ಐದಾರು ನಾಟಿಕಲ್ ಮೈಲಿ ಹೋಗುತ್ತದೆ, ಅಂದರೆ ದಿನಕ್ಕೆ 130ರ ಆಸುಪಾಸು. ಯಾರೂ ಇದನ್ನು ಒಂದೇ ಉಸಿರಿನಲ್ಲಿ ಹೋಗುವುದಿಲ್ಲ. ಬಾಲಿಯಾರಿಕ್ ದ್ವೀಪಗಳು, ಸಾರ್ಡಿನಿಯಾ, ಸಿಸಿಲಿ, ಮಾಲ್ಟಾ ಹೀಗೆ ನಿಲ್ಲುತ್ತಾ, ಡೀಸೆಲ್, ನೀರು ತುಂಬಿಸುತ್ತಾ, ಹವಾಮಾನ ನೋಡಿಕೊಂಡು ಮುಂದಿನ ಹೆಜ್ಜೆ ಇಡುತ್ತಾರೆ. ಇಡೀ ಕಸುಬು ನಿಂತಿರುವುದೇ ಈ ನಿಲುಗಡೆಗಳ ಮೇಲೆ, ಇದನ್ನು ನೆನಪಿಟ್ಟುಕೊಳ್ಳಿ.

ಮಾರ್ಚ್ 2020: ಎರಡು ವಾರದಲ್ಲಿ ಎಲ್ಲ ಬಾಗಿಲು

ಮಾರ್ಚ್ 9ರ ರಾತ್ರಿ ಇಟಲಿ ಇಡೀ ದೇಶಕ್ಕೆ ಲಾಕ್‌ಡೌನ್ ಘೋಷಿಸಿತು. 14ಕ್ಕೆ ಸ್ಪೇನ್ ತುರ್ತು ಸ್ಥಿತಿ ಹೇರಿತು. 17ಕ್ಕೆ ಫ್ರಾನ್ಸ್ ಮನೆಯೊಳಗಿರಿ ಅಂದಿತು. ಅದೇ ದಿನ ಯುರೋಪಿಯನ್ ಒಕ್ಕೂಟ ಹೊರಗಿನವರ ಅನಗತ್ಯ ಪ್ರಯಾಣಕ್ಕೆ ಗಡಿ ಮುಚ್ಚುವುದಾಗಿ ತೀರ್ಮಾನಿಸಿತು. 23ಕ್ಕೆ ಗ್ರೀಸ್ ಲಾಕ್‌ಡೌನ್‌ಗೆ ಹೋಯಿತು. ಅದಕ್ಕೆ ಒಂದು ವಾರ ಮುಂಚೆಯೇ ಪ್ರವಾಸಿ ಹಡಗು ಮತ್ತು ಹಾಯಿದೋಣಿಗಳು ತನ್ನ ಬಂದರಿಗೆ ಬರುವಂತಿಲ್ಲ ಅಂದಿತ್ತು.

ಒಂದೊಂದು ದೇಶವೂ ತನ್ನ ಪಾಡಿಗೆ ತೀರ್ಮಾನ ಮಾಡಿತು. ಇದು ಮುಖ್ಯ. ಒಂದು ದೇಶ ಮುಚ್ಚಿದರೆ ದೋಣಿ ಪಕ್ಕದ ದೇಶಕ್ಕೆ ಹೋಗಬಹುದು. ಪಕ್ಕದ ದೇಶಕ್ಕೆ ಭಯ ಅದೇ. ಅಲ್ಲಿ ಮುಚ್ಚಿದ್ದಾರೆ, ಎಲ್ಲರೂ ಇಲ್ಲಿಗೇ ಬರುತ್ತಾರೆ ಅಂತ ಅದೂ ಮುಚ್ಚುತ್ತದೆ. ಹೀಗೆ ಒಬ್ಬರನ್ನು ನೋಡಿ ಒಬ್ಬರು ಮುಚ್ಚುತ್ತಾ ಹೋದರು. ಹೊರಟಾಗ ತೆರೆದಿದ್ದ ಬಂದರು ನಾಲ್ಕು ದಿನ ಬಿಟ್ಟು ತಲುಪುವಷ್ಟರಲ್ಲಿ ಮುಚ್ಚಿರುತ್ತಿತ್ತು. ವಿಮಾನಕ್ಕೆ ಈ ಕಷ್ಟ ಇಲ್ಲ, ಕೆಲವೇ ಗಂಟೆಯ ಪ್ರಯಾಣದಲ್ಲಿ ನಿಯಮ ಬದಲಾಗುವುದು ಕಡಿಮೆ. ನಿಧಾನವಾಗಿ ಹೋಗುವವನಿಗೆ ನಿಯಮಗಳೇ ವೇಗವಾಗಿ ಓಡುತ್ತವೆ.

ಸಮುದ್ರ ಮಾತ್ರ ತೆರೆದೇ ಇತ್ತು. ತೀರದಿಂದ 12 ನಾಟಿಕಲ್ ಮೈಲಿ ಆಚೆ ಯಾರ ಲಾಕ್‌ಡೌನ್ ಕೂಡ ನಡೆಯುವುದಿಲ್ಲ. ನಮ್ಮಲ್ಲಿ ಅದೇ ದಿನಗಳಲ್ಲಿ ಲಾರಿ ಓಡಿಸಲು ಅನುಮತಿ ಇತ್ತು, ಢಾಬಾ, ಪಂಕ್ಚರ್ ಅಂಗಡಿ ಮಾತ್ರ ಮುಚ್ಚಿದ್ದವು, ಅಲ್ವಾ? ಹೆಚ್ಚುಕಡಿಮೆ ಅದೇ ಸ್ಥಿತಿ.

ನಿಲ್ಲದೆ ಹೋದರೆ ಏನಾಗುತ್ತದೆ

ಹಾಯಿದೋಣಿ ತಾನೇ, ಗಾಳಿಯಲ್ಲಿ ಹೋಗುತ್ತದೆ, ನಿಲ್ಲುವುದೇಕೆ ಅನ್ನಿಸಬಹುದು. ಮೆಡಿಟರೇನಿಯನ್ ಗಾಳಿ ಹಾಗಿಲ್ಲ. ಬೇಸಿಗೆಯಲ್ಲಿ ದಿನಗಟ್ಟಲೆ ಎಲೆಯೂ ಅಲುಗದಂತೆ ಇರುತ್ತದೆ, ಇಲ್ಲವೇ ಮುಖಕ್ಕೆ ಹೊಡೆಯುತ್ತದೆ. ಆದ್ದರಿಂದ ದೋಣಿ ತಲುಪಿಸುವವರು ದಾರಿಯ ಎಷ್ಟೋ ಭಾಗವನ್ನು ಎಂಜಿನ್ ಮೇಲೆಯೇ ಹೋಗುತ್ತಾರೆ. ಆ ಗಾತ್ರದ ದೋಣಿಯ ಟ್ಯಾಂಕ್ ಸುಮಾರು 200 ಲೀಟರ್. ಗಂಟೆಗೆ ಮೂರು ಲೀಟರ್ ಕುಡಿಯುತ್ತದೆ ಅಂತಿಟ್ಟುಕೊಂಡರೂ 65 ಗಂಟೆಗೆ ಖಾಲಿ. ಅಷ್ಟರಲ್ಲಿ 350 ನಾಟಿಕಲ್ ಮೈಲಿ ಹೋದರೆ ಹೆಚ್ಚು. ಜಿಬ್ರಾಲ್ಟರ್‌ನಿಂದ ಮಾಲ್ಟಾ ಇರುವುದು ಇದರ ಮೂರು ಪಟ್ಟು ದೂರದಲ್ಲಿ. ಡೆಕ್ ಮೇಲೆ ಕ್ಯಾನುಗಳಲ್ಲಿ ಡೀಸೆಲ್ ಕಟ್ಟಿಕೊಂಡು ಹೋಗಬಹುದು. ಅದರಿಂದ ದೋಣಿಯ ಮೇಲ್ಭಾಗದ ಭಾರ ಹೆಚ್ಚುತ್ತದೆ, ಅಲೆಗೆ ಕ್ಯಾನು ಕಿತ್ತುಕೊಂಡು ಹೋಗುವ ಭಯ ಬೇರೆ.

ಎರಡನೆಯದು ಹವಾಮಾನ. ಫ್ರಾನ್ಸಿನ ರೋನ್ ಕಣಿವೆಯಿಂದ ಬೀಸುವ ಮಿಸ್ಟ್ರಲ್ ಗಾಳಿ ಲಯನ್ ಕೊಲ್ಲಿಯನ್ನು ದಿನಗಟ್ಟಲೆ ಕಲಕಿಬಿಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಬೀಸುತ್ತದೆ. ಇಂಥ ಗಾಳಿ ಬರುತ್ತದೆ ಅಂತ ಎರಡು ಮೂರು ದಿನ ಮುಂಚೆ ಗೊತ್ತಾಗುತ್ತದೆ. ಮಾಮೂಲಿ ವರ್ಷದಲ್ಲಿ ಸ್ಕಿಪ್ಪರ್ ಹತ್ತಿರದ ಬಂದರಿಗೆ ನುಗ್ಗಿ, ಗಾಳಿ ಇಳಿದ ಮೇಲೆ ಹೊರಡುತ್ತಾನೆ. ಮುನ್ಸೂಚನೆ ಅನ್ನುವುದು ಉಪಯೋಗಕ್ಕೆ ಬರುವುದೇ ನಿಲ್ಲಲು ಜಾಗ ಇದ್ದಾಗ. ಜಾಗ ಇಲ್ಲದಿದ್ದರೆ ಗಾಳಿ ಬರುತ್ತದೆ ಅಂತ ತಿಳಿದುಕೊಂಡು ಸುಮ್ನೆ ಕಾಯಬೇಕು, ಅಷ್ಟೆ. 2020ರ ಸೆಪ್ಟೆಂಬರ್ 17, 18ರಂದು ಗ್ರೀಸಿನ ಪಶ್ಚಿಮದ ಕೆಫಲೋನಿಯಾ, ಇಥಾಕಾ, ಝಾಕಿಂಥೋಸ್ ದ್ವೀಪಗಳಿಗೆ ಅಪ್ಪಳಿಸಿದ ಯಾನೋಸ್ ಚಂಡಮಾರುತಕ್ಕೆ ಲಂಗರು ಹಾಕಿದ್ದ ದೋಣಿಗಳೇ ಮುಳುಗಿದವು, ದಡಕ್ಕೆ ಬಿದ್ದವು. ತೆರೆದ ನೀರಿನಲ್ಲಿದ್ದರೆ ಹೇಗಿರುತ್ತಿತ್ತು ಯೋಚಿಸಿ.

ಮೂರನೆಯದು ನಿದ್ದೆ. ಇದು ಕಣ್ಣಿಗೆ ಕಾಣುವುದಿಲ್ಲ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಮೂವರಿದ್ದರೆ ಮೂರು ಗಂಟೆ ಪಾಳಿ, ಆರು ಗಂಟೆ ಬಿಡುವು. ಆ ಬಿಡುವಿನಲ್ಲೇ ಅಡುಗೆ, ಹಾಯಿ ಬದಲಿಸುವುದು, ರಿಪೇರಿ. ಸಿಸಿಲಿ ಜಲಸಂಧಿಯಲ್ಲಿ ಸರಕು ಹಡಗುಗಳು ಎಡಬಿಡದೆ ಓಡಾಡುತ್ತವೆ, ಕಣ್ಣು ಮುಚ್ಚುವ ಹಾಗಿಲ್ಲ. ಲಾಕ್‌ಡೌನ್ ಕಾಲದಲ್ಲಿ ಮೂರನೆಯ ಸಿಬ್ಬಂದಿಗೆ ವಿಮಾನವೇ ಸಿಗದಿದ್ದರೆ ಇಬ್ಬರೇ ಹೊರಡಬೇಕು. ಪಾಳಿ ಮೂರಕ್ಕೆ ಮೂರು ಆಗುತ್ತದೆ. ಐದನೇ ದಿನಕ್ಕೆ ಮನುಷ್ಯ ತಪ್ಪು ಮಾಡಲು ಶುರು ಮಾಡುತ್ತಾನೆ.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಬಂದರು ಮುಚ್ಚುವುದರಿಂದ ಅಪಾಯ ಕಡಿಮೆಯಾಗಲಿಲ್ಲ ಅನ್ನುವುದು ಕಾಣುತ್ತದೆ. ಅಪಾಯದ ಜಾಗ ಬದಲಾಯಿತು. ಊರಿನ ಸೋಂಕಿನ ಭಯ ಇಳಿದಷ್ಟು ಸಮುದ್ರದ ಅಪಘಾತದ ಭಯ ಏರಿತು. ತೀರ್ಮಾನ ಮಾಡಿದವರು ಒಬ್ಬರು, ಅದರ ಭಾರ ಹೊತ್ತವರು ಇನ್ನೊಬ್ಬರು.

ಕಾನೂನು ಏನು ಹೇಳುತ್ತಿತ್ತು

2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ 28ನೇ ವಿಧಿ ಓದಿದರೆ ಆಶ್ಚರ್ಯ ಆಗುತ್ತದೆ. ಆರೋಗ್ಯದ ಕಾರಣಕ್ಕೆ ಹಡಗು ಬಂದರಿಗೆ ಬರುವುದನ್ನು ತಡೆಯಬಾರದು. ಆ ಬಂದರಿನಲ್ಲಿ ತಪಾಸಣೆಯ ಸೌಕರ್ಯ ಇಲ್ಲದಿದ್ದರೆ ಹತ್ತಿರದ ಸೌಕರ್ಯ ಇರುವ ಬಂದರಿಗೆ ಕಳಿಸಬಹುದು. ಇಂಧನ, ನೀರು, ಆಹಾರ ತೆಗೆದುಕೊಳ್ಳಲು ಅಡ್ಡಿ ಮಾಡಬಾರದು. ಹಡಗು ಅಂದರೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿರುವ, ಸಮುದ್ರಕ್ಕಿಳಿಯುವ ಯಾವುದೇ ನೌಕೆ. 12 ಮೀಟರ್ ಹಾಯಿದೋಣಿಯೂ ಈ ಮಾತಿನೊಳಗೆ ಬರುತ್ತದೆ.

ಹಾಗಾದರೆ ಮುಚ್ಚಿದ್ದು ಹೇಗೆ? ಆ ವಿಧಿಯ ಶುರುವಿನಲ್ಲೇ "43ನೇ ವಿಧಿಗೆ ಒಳಪಟ್ಟು" ಅನ್ನುವ ಮಾತಿದೆ. 43ನೇ ವಿಧಿ ದೇಶಗಳಿಗೆ ಹೆಚ್ಚಿನ ಕ್ರಮ ತೆಗೆದುಕೊಳ್ಳಲು ಬಿಡುತ್ತದೆ. ಕ್ರಮಕ್ಕೆ ವೈಜ್ಞಾನಿಕ ಆಧಾರ ಇರಬೇಕು, ಪ್ರಯಾಣಕ್ಕೆ ದೊಡ್ಡ ಅಡ್ಡಿಯಾದರೆ 48 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ಕಾರಣ ಸಮೇತ ತಿಳಿಸಬೇಕು. ತಿಳಿಸದಿದ್ದರೆ? ಏನೂ ಇಲ್ಲ. ದಂಡವಿಲ್ಲ. ದೋಣಿಯ ಸ್ಕಿಪ್ಪರ್ ನೇರವಾಗಿ ದೂರು ಕೊಡುವ ದಾರಿಯೂ ಇಲ್ಲ.

ಇನ್ನೊಂದು ಕಡೆ ಸಮುದ್ರ ಕಾನೂನು, ಅಂದರೆ ವಿಶ್ವಸಂಸ್ಥೆಯ 1982ರ ಒಪ್ಪಂದ. ಬೇರೆ ದೇಶದ ತೀರದ ನೀರಿನಲ್ಲಿ ತಂಟೆ ಮಾಡದೆ ಹಾದು ಹೋಗುವ ಹಕ್ಕು ಎಲ್ಲ ನೌಕೆಗಳಿಗೂ ಇದೆ. ಹಾದು ಹೋಗುವುದು ಅಂದರೆ ನಿಲ್ಲದೆ ಹೋಗುವುದು. ಲಂಗರು ಹಾಕಬೇಕಾದರೆ ಅದು ಮಾಮೂಲಿ ಸಂಚಾರದ ಭಾಗವಾಗಿರಬೇಕು, ಇಲ್ಲವೇ ಆಪತ್ತು ಇರಬೇಕು. ಬಂದರು ಅನ್ನುವುದು ಆ ದೇಶದ ಮನೆಯೊಳಗಿನ ಜಾಗ, ಒಳಗೆ ಬಿಡುವುದು ಅದರ ಇಷ್ಟ. ಆಪತ್ತಿನಲ್ಲಿರುವವರಿಗೆ ಆಸರೆ ಕೊಡುವ ಹಳೆಯ ಪದ್ಧತಿ ಇದೆ ನಿಜ. ಆದರೆ ಡೀಸೆಲ್ ಖಾಲಿಯಾಗುವ ಮುಂಚೆ, ಗಾಳಿ ಏರುವ ಮುಂಚೆ ಬಂದರು ಕೇಳುವ ಜವಾಬ್ದಾರಿಯುತ ಸ್ಕಿಪ್ಪರ್ ಇನ್ನೂ ಆಪತ್ತಿನಲ್ಲಿಲ್ಲ! ಹುಷಾರಾಗಿರುವವನಿಗೆ ಬಾಗಿಲಿಲ್ಲ, ಮುಳುಗುತ್ತಿರುವವನಿಗೆ ಇದೆ. ಇಂಥ ವ್ಯವಸ್ಥೆ ಜನರನ್ನು ಕೊನೇ ಗಳಿಗೆವರೆಗೆ ಕಾಯಿಸುತ್ತದೆ.

ನಾವಿಕನೋ ಪ್ರವಾಸಿಯೋ

ಸರಕು ಹಡಗುಗಳು ನಿಲ್ಲಲಿಲ್ಲ, ಅವು ನಿಂತರೆ ಅಂಗಡಿ ಖಾಲಿ. ಹಾಗಾಗಿ ಯುರೋಪಿಯನ್ ಒಕ್ಕೂಟ ಸಾರಿಗೆ ಕೆಲಸಗಾರರಿಗೆ, ನಾವಿಕರಿಗೆ ವಿನಾಯಿತಿ ಕೊಟ್ಟಿತು. ಕಾಗದದ ಮೇಲೆ ವಿನಾಯಿತಿ ಇದ್ದ ನಾವಿಕರ ಪಾಡೇ ಕಷ್ಟವಾಗಿತ್ತು ಅನ್ನುವುದು ಬೇರೆ ಮಾತು. 2020ರ ಕೊನೆಯ ಹೊತ್ತಿಗೆ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಹಡಗಿನಿಂದ ಇಳಿಯಲಾಗದೆ ಸಿಕ್ಕಿಕೊಂಡಿದ್ದರು ಅಂತ ವಿಶ್ವಸಂಸ್ಥೆಯ ಅಂದಾಜು. ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ಭಾರತೀಯರ ಪಾಲು ದೊಡ್ಡದು, ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಈ ಕಾಯುವಿಕೆ ಗೊತ್ತು.

ದೋಣಿ ತಲುಪಿಸುವ ಸ್ಕಿಪ್ಪರ್‌ಗೆ ಆ ಕಾಗದವೂ ಗಟ್ಟಿಯಿರಲಿಲ್ಲ. ಅವನು ಮಾಡುವುದು ಸಂಬಳದ ಕೆಲಸ. ಓಡಿಸುವ ದೋಣಿ ಮಾತ್ರ ದಾಖಲೆಯಲ್ಲಿ ಖಾಸಗಿ ಮೋಜಿನ ದೋಣಿ. ನಾವಿಕರ ಹಕ್ಕುಗಳನ್ನು ಹೇಳುವ 2006ರ ಕಡಲ ಕಾರ್ಮಿಕ ಒಪ್ಪಂದ ವ್ಯಾಪಾರಕ್ಕೆ ಬಳಸುವ ಹಡಗುಗಳಿಗೆ ಅನ್ವಯ, ಇಂಥ ದೋಣಿಗಳಿಗಲ್ಲ. ಯಾಟ್ ಓಡಿಸುವ ಪ್ರಮಾಣಪತ್ರ ಬೇರೆ, ನಾವಿಕರ ಗುರುತಿನ ಪುಸ್ತಕ ಬೇರೆ. ಆದ್ದರಿಂದ ಬಂದರಿನ ಪೊಲೀಸರ ಮುಂದೆ ಅವನು ಕೆಲಸಗಾರ ಅಂತ ನಿಂತರೆ ದಾಖಲೆ ಪ್ರವಾಸಿ ಅನ್ನುತ್ತಿತ್ತು. ಸ್ಪೇನ್, ಫ್ರಾನ್ಸ್, ಇಟಲಿಯಲ್ಲಿ ಮೋಜಿನ ದೋಣಿಗಳ ಓಡಾಟವೇ ನಿಷಿದ್ಧವಾಗಿತ್ತು. ಯಾರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೋ ಅದರ ಮೇಲೆ ಎಲ್ಲ ನಿಂತಿತ್ತು.

ಬಂದರಿನವರ ಭಯ ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ ಬಂದರು ಮುಚ್ಚಿದವರು ಕಲ್ಲು ಮನಸ್ಸಿನವರು ಅನ್ನಿಸಿದರೆ ಅದು ಸರಿಯಲ್ಲ. ಈ ಸಮುದ್ರದ ನೆನಪು ಹಳೆಯದು. ಈಗಿನ ಡುಬ್ರೊವ್ನಿಕ್ ಆಗಿರುವ ರಗೂಸಾ ನಗರ 1377ರಲ್ಲೇ ಪ್ಲೇಗ್ ಇರುವ ಕಡೆಯಿಂದ ಬಂದವರನ್ನು 30 ದಿನ ದೂರ ಇರಿಸುವ ಕಾನೂನು ಮಾಡಿತ್ತು. 1720ರ ಮೇ ತಿಂಗಳಲ್ಲಿ ಗ್ರ್ಯಾಂಡ್ ಸೇಂಟ್ ಆಂಟ್ವಾನ್ ಅನ್ನುವ ಹಡಗು ಪೂರ್ವದಿಂದ ಬಟ್ಟೆ ಹೇರಿಕೊಂಡು ಮಾರ್ಸೆಗೆ ಬಂತು. ದಾರಿಯಲ್ಲೇ ಜನ ಸತ್ತಿದ್ದರು. ಸರಕು ಬೇಗ ಸಂತೆಗೆ ಹೋಗಬೇಕಿತ್ತು, ಹಣ ಹಾಕಿದವರು ಊರಿನ ದೊಡ್ಡವರೇ, ಹಾಗಾಗಿ ನಿಯಮ ಸಡಿಲಾಯಿತು. ಆ ಪ್ಲೇಗ್‌ಗೆ ನಗರದ ಸುಮಾರು ಅರ್ಧದಷ್ಟು ಜನ ಬಲಿಯಾದರು. ಸರಿಯಾಗಿ 300 ವರ್ಷದ ಆಮೇಲೆ, ಇಟಲಿಯ ಆಸ್ಪತ್ರೆಗಳ ಚಿತ್ರ ಟಿವಿಯಲ್ಲಿ ಬರುತ್ತಿರುವಾಗ, ಕೆಲವೇ ನೂರು ಜನರಿರುವ, ಕಾಯಿಲೆ ಜೋರಾದರೆ ಹೆಲಿಕಾಪ್ಟರ್‌ಗೆ ಕಾಯಬೇಕಾದ ದ್ವೀಪದವರು ಯಾರದೋ ದೋಣಿಗೆ ಹಗ್ಗ ಕಟ್ಟಲು ಹಿಂಜರಿದರೆ ಅವರನ್ನು ಬೈಯುವುದು ಹೇಗೆ?

ಎದುರು ವಾದವೂ ಸುಲಭದ್ದೇ. ಎಂಟು ಹತ್ತು ದಿನ ಬೇರೆ ಯಾರ ಮುಖವನ್ನೂ ನೋಡದೆ ಸಮುದ್ರದಲ್ಲಿದ್ದವರಿಗಿಂತ ಸುರಕ್ಷಿತ ಯಾರು? ಅದೇ ಕ್ವಾರಂಟೈನ್ ತಾನೇ? ಕೆಲವು ಕಡೆ ಇದನ್ನು ಒಪ್ಪಿದರು, ಕೆಲವು ಕಡೆ ಆರೋಗ್ಯ ತಪಾಸಣೆ ಕೋರುವ ಹಳದಿ ಬಾವುಟ ಏರಿಸಿ ದಡ ಸೇರಿದ ದಿನದಿಂದಲೇ ಲೆಕ್ಕ ಹಾಕಿದರು. ಅಧಿಕಾರಿಯ ಸಂಶಯಕ್ಕೂ ಕಾರಣ ಇತ್ತು. ಲಾಗ್ ಪುಸ್ತಕವನ್ನು ಬರೆಯುವುದು ಸ್ಕಿಪ್ಪರ್ ತಾನೇ. ಮಧ್ಯೆ ಎಲ್ಲೂ ಇಳಿಯಲಿಲ್ಲ ಅನ್ನುವುದಕ್ಕೆ ದೋಣಿ ಎಲ್ಲಿದೆ ಅಂತ ರೇಡಿಯೋದಲ್ಲಿ ಸಾರುವ ಸ್ವಯಂಚಾಲಿತ ಗುರುತಿನ ಸಾಧನದ ಜಾಡು ಸಾಕ್ಷಿಯಾಗಬಹುದು, ಆದರೆ ಚಿಕ್ಕ ದೋಣಿಗಳಿಗೆ ಅದು ಕಡ್ಡಾಯವಲ್ಲ.

ಬೇರೆಯವರನ್ನು ಕಾಪಾಡುವ ಕರ್ತವ್ಯ

ಈ ಸಮುದ್ರದಲ್ಲಿ ಹಾಯಿದೋಣಿಯವರಿಗಿಂತ ಸಾವಿರ ಪಾಲು ಕಷ್ಟದಲ್ಲಿರುವವರು ಇದ್ದಾರೆ: ಚಿಕ್ಕ ದೋಣಿಗಳಲ್ಲಿ ಯುರೋಪಿಗೆ ದಾಟಲು ಹೊರಡುವ ವಲಸಿಗರು. 2020ರ ಏಪ್ರಿಲ್ 7ರಂದು ಇಟಲಿ, ವಿದೇಶಿ ಬಾವುಟದ ಹಡಗುಗಳು ತನ್ನ ರಕ್ಷಣಾ ಕಾರ್ಯಾಚರಣೆ ವಲಯದ ಹೊರಗೆ ಕಾಪಾಡಿದವರ ಪಾಲಿಗೆ ತನ್ನ ಬಂದರುಗಳು ಸುರಕ್ಷಿತ ಜಾಗವಲ್ಲ ಅಂತ ಆದೇಶ ಮಾಡಿತು. ಎರಡು ದಿನದಲ್ಲಿ ಮಾಲ್ಟಾ ಕೂಡ ಬಾಗಿಲು ಹಾಕಿತು. ಕಾಪಾಡಿ ತಂದ 400ಕ್ಕೂ ಹೆಚ್ಚು ಜನರನ್ನು ಮಾಲ್ಟಾ ಪ್ರವಾಸಿ ದೋಣಿಗಳಲ್ಲಿ ತನ್ನ ತೀರದ ಗಡಿಯ ಆಚೆಯೇ ವಾರಗಟ್ಟಲೆ ಇರಿಸಿತ್ತು, ಜೂನ್‌ನಲ್ಲಿ ದಡಕ್ಕೆ ಬಿಟ್ಟಿತು.

ಸಮುದ್ರ ಕಾನೂನಿನ 98ನೇ ವಿಧಿ ಪ್ರಕಾರ ಮುಳುಗುತ್ತಿರುವವರನ್ನು ಕಂಡರೆ ನೆರವಾಗುವುದು ಪ್ರತಿ ಸ್ಕಿಪ್ಪರ್‌ನ ಕರ್ತವ್ಯ. ಆದರೆ ಕಾಪಾಡಿದ ಮೇಲೆ ಯಾವ ಬಂದರಿಗೆ? ಸ್ವಂತಕ್ಕೇ ನಿಲ್ಲಲು ಜಾಗ ಇಲ್ಲದ ದೋಣಿ ಇನ್ನೂ ಹತ್ತು ಜನರನ್ನು ಹತ್ತಿಸಿಕೊಂಡರೆ ನೀರೂ ಸಾಲದು. ಕೆಲವರು ಆ ದಾರಿಯಿಂದಲೇ ದೂರ ಹೋಗುವ ಯೋಚನೆ ಮಾಡುವಂತಾಗುವುದು ಇಂಥ ನಿಯಮದ ಅತ್ಯಂತ ಕೆಟ್ಟ ಫಲ.

ಇಷ್ಟಾದರೂ ಹೊರಟಿದ್ದೇಕೆ

ದೋಣಿ ಒಂದು ವರ್ಷ ನಿಂತರೆ ಏನಾಗುತ್ತದೆ, ಶ್ರೀಮಂತರ ಆಟಿಕೆ ತಾನೇ ಅನ್ನಬಹುದು. ಆದರೆ ಹಲವರಿಗೆ ಕ್ಯಾಲೆಂಡರ್ ಹಿಂದಿನಿಂದ ತಳ್ಳುತ್ತಿತ್ತು. ಕೆರಿಬಿಯನ್‌ನಲ್ಲಿದ್ದ ದೋಣಿಗಳು ಜೂನ್‌ನಿಂದ ಶುರುವಾಗುವ ಚಂಡಮಾರುತ ಕಾಲಕ್ಕೆ ಮುಂಚೆ ಅಲ್ಲಿಂದ ಹೊರಡದಿದ್ದರೆ ವಿಮೆ ಸಿಗುವುದು ಕಷ್ಟ. ಬ್ರಿಟಿಷ್ ಮಾಲೀಕರಿಗೆ, ಯುರೋಪಿಯನ್ ಒಕ್ಕೂಟ ಬಿಟ್ಟ ಬ್ರಿಟನ್ ಅದರ ತೆರಿಗೆ ವ್ಯವಸ್ಥೆಯಿಂದಲೂ ಹೊರಬೀಳುವ 2020ರ ಡಿಸೆಂಬರ್ 31ರ ಗಡುವು ಇತ್ತು. ಆ ದಿನ ದೋಣಿ ಯುರೋಪಿಯನ್ ಒಕ್ಕೂಟದ ನೀರಿನಲ್ಲಿದೆಯೋ ಬ್ರಿಟನ್‌ನಲ್ಲಿದೆಯೋ ಅನ್ನುವುದರ ಮೇಲೆ ಮುಂದೆ ಎಲ್ಲಿ ವ್ಯಾಟ್ ಕಟ್ಟಬೇಕಾಗಬಹುದು ಅನ್ನುವುದು ನಿಂತಿತ್ತು. ಒಕ್ಕೂಟದ ಹೊರಗಿನವರ ದೋಣಿಗಳಿಗೆ ಅಲ್ಲಿ ತೆರಿಗೆ ಇಲ್ಲದೆ ಇರಲು 18 ತಿಂಗಳ ಮಿತಿ ಬೇರೆ. ಅದರ ಮೇಲೆ, ಅದೇ ವರ್ಷ ಜಿಬ್ರಾಲ್ಟರ್ ಮತ್ತು ಸ್ಪೇನ್ ತೀರದಲ್ಲಿ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿ ಮುರಿಯಲು ಶುರು ಮಾಡಿದವು. ಸೆಪ್ಟೆಂಬರ್‌ನಲ್ಲಿ ಸ್ಪೇನ್ ಗಲಿಷಿಯಾ ತೀರದ ಒಂದು ಭಾಗದಲ್ಲಿ 15 ಮೀಟರ್‌ಗಿಂತ ಚಿಕ್ಕ ಹಾಯಿದೋಣಿಗಳನ್ನು ಕೆಲ ದಿನ ತಡೆಯಬೇಕಾಯಿತು. ಮನುಷ್ಯರ ತೊಂದರೆ ಸಾಲದು ಅಂತ ಇದೊಂದು.

ಅಜೋರ್ಸ್ ಕಂಡುಕೊಂಡ ದಾರಿ

ಅಟ್ಲಾಂಟಿಕ್ ನಡುವಿನ ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳು ಕೆರಿಬಿಯನ್‌ನಿಂದ ಮೆಡಿಟರೇನಿಯನ್‌ಗೆ ಬರುವವರ ನಿಲುಗಡೆ. 2020ರ ವಸಂತದಲ್ಲಿ ಅಲ್ಲಿನ ಓರ್ಟಾ ಬಂದರಿಗೆ ನೂರಾರು ದೋಣಿ ಬಂದವು. ಅಲ್ಲಿಯವರು ಯಾರನ್ನೂ ಊರೊಳಗೆ ಬಿಡಲಿಲ್ಲ, ಹಾಗಂತ ಓಡಿಸಲೂ ಇಲ್ಲ. ಲಂಗರು ಹಾಕಿ, ದೋಣಿಯಲ್ಲೇ ಇರಿ ಅಂದರು. ಡೀಸೆಲ್, ನೀರು, ದಿನಸಿ ದೋಣಿಯ ಬಳಿಗೇ ಹೋಯಿತು. ಜನ ಮಲಗಿ, ಎಂಜಿನ್ ನೋಡಿಕೊಂಡು, ಒಳ್ಳೆ ಗಾಳಿ ನೋಡಿ ಹೊರಟರು.

ಇದಕ್ಕೆ ಹೊಸ ಕಾನೂನು ಬೇಕಾಗಲಿಲ್ಲ. 28ನೇ ವಿಧಿ ಹೇಳಿದ್ದನ್ನೇ ಅಲ್ಲಿ ಹೆಚ್ಚುಕಡಿಮೆ ಮಾಡಿದರು. ಸೋಂಕು ದಾಟುವುದು ಮನುಷ್ಯರು ಸೇರಿದಾಗ, ದೋಣಿ ಲಂಗರು ಹಾಕಿದಾಗ ಅಲ್ಲ. ಇಳಿಯುವುದು ಬೇರೆ, ನಿಲ್ಲುವುದು ಬೇರೆ. ಮೆಡಿಟರೇನಿಯನ್ ದೇಶಗಳ ಆದೇಶಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಮಾಡಿ ಬರೆದಿದ್ದೇ ತಪ್ಪಾಗಿದ್ದು ಅನ್ನುವುದು ನನ್ನ ಅಭಿಪ್ರಾಯ.

ಈಗ ಏನು ಬದಲಾಗಿದೆ

ಹೊಸ ತಿದ್ದುಪಡಿಗಳು "ಮಹಾಮಾರಿ ತುರ್ತುಸ್ಥಿತಿ" ಅನ್ನುವ ಹೊಸ ಎಚ್ಚರಿಕೆಯ ಹಂತ ತಂದಿವೆ. ಪ್ರತಿ ದೇಶವೂ ನಿಯಮ ಜಾರಿಗೆ ಒಂದು ರಾಷ್ಟ್ರೀಯ ಪ್ರಾಧಿಕಾರವನ್ನು ಗುರುತಿಸಬೇಕು. ಬಡ ದೇಶಗಳಿಗೆ ಹಣ ಒದಗಿಸುವ ವ್ಯವಸ್ಥೆ ಇದೆ. ಬಂದರು ಮುಚ್ಚಿಸುವ ಅಥವಾ ತೆರೆಸುವ ಅಧಿಕಾರ ಮಾತ್ರ ಇಲ್ಲ. ಮಹಾಮಾರಿ ಒಪ್ಪಂದದಲ್ಲಂತೂ, ಲಾಕ್‌ಡೌನ್ ಹೇರಲು, ಪ್ರಯಾಣಿಕರನ್ನು ತಡೆಯಲು ಸಂಸ್ಥೆಗೆ ಅಧಿಕಾರ ಇಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಜೊತೆಗೆ 60 ದೇಶಗಳು ಅನುಮೋದಿಸಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ.

ಅಂದರೆ ನಾಳೆ ಇನ್ನೊಂದು ಸೋಂಕು ಬಂದರೆ ಮೊದಲ ಎರಡು ವಾರ 2020ರ ಹಾಗೆಯೇ ಇರುವ ಸಾಧ್ಯತೆ ಜಾಸ್ತಿ. ಆರೋಗ್ಯ ನಿಯಮಗಳಡಿ ತಪಾಸಣೆಯ ಸೌಕರ್ಯ ಇಡಬೇಕಾದದ್ದು ಆಯಾ ದೇಶ ಗುರುತಿಸಿದ ಬಂದರುಗಳಲ್ಲಿ. ಆ ಪಟ್ಟಿಗೆ ಬರುವುದು ಹೆಚ್ಚಾಗಿ ಸರಕಿನ ದೊಡ್ಡ ಬಂದರುಗಳು. ಹಾಯಿದೋಣಿ ನಿಲ್ಲುವುದು ಊರ ಪಕ್ಕದ ಮರಿನಾದಲ್ಲಿ, ಅಂದರೆ ಮೋಜಿನ ದೋಣಿಗಳ ಚಿಕ್ಕ ತಂಗುದಾಣದಲ್ಲಿ. ಈ ಅಂತರ ಹಾಗೇ ಇದೆ.

ಬದಲಾಗಿರುವುದು ವಿಮೆ ಮತ್ತು ದೋಣಿ ತಲುಪಿಸುವ ಕರಾರು ಪತ್ರಗಳ ಭಾಷೆ. ವಿಮಾ ಕಂಪನಿಗಳು 2020ರಿಂದಲೇ ಸಾಂಕ್ರಾಮಿಕ ರೋಗದಿಂದ ಆಗುವ ನಷ್ಟವನ್ನು ಹೊರಗಿಡುವ ಷರತ್ತುಗಳನ್ನು ಸೇರಿಸತೊಡಗಿದವು. ಆದ್ದರಿಂದ ಬಂದರು ಮುಚ್ಚಿ ದೋಣಿ ಇಪ್ಪತ್ತು ದಿನ ಕಾಯಬೇಕಾಗಿ ಬಂದರೆ ಆ ದಿನಗಳ ಸಂಬಳ, ಲಂಗರು ಬಾಡಿಗೆ, ಸಿಬ್ಬಂದಿಯ ವಾಪಸ್ ಟಿಕೆಟ್ ಯಾರ ತಲೆಗೆ ಅನ್ನುವುದನ್ನು ಮಾಲೀಕ ಮತ್ತು ಸ್ಕಿಪ್ಪರ್ ಹೊರಡುವ ಮುಂಚೆಯೇ ಬರೆದುಕೊಳ್ಳಬೇಕು. ಬರೆದುಕೊಳ್ಳದಿದ್ದರೆ ಆ ಖರ್ಚು ಬೀಳುವುದು ಸಾಮಾನ್ಯವಾಗಿ ದೋಣಿಯಲ್ಲೇ ಸಿಕ್ಕಿಕೊಂಡಿರುವವರ ಮೇಲೆ.